ಮುರಿದ ಪಾದದ ಕೀಲಿನ ಪೂರ್ತಿ ಲೆಕ್ಕ: ಆರೋಗ್ಯ ಸಚಿವರಿಗೆ ತುಮಕೂರು ಜಿಲ್ಲೆಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಪಾದದ ಕೀಲು ಮುರಿದವರ ಶಸ್ತ್ರಚಿಕಿತ್ಸೆಯ ವೆಚ್ಚ, ಒಳಗೆ ಹಾಕುವ ಪ್ಲೇಟು-ಸ್ಕ್ರೂಗಳ ಬೆಲೆ ಮತ್ತು ದುಡಿಮೆಯ ನಷ್ಟದ ಕುರಿತು.

ಮಾನ್ಯರೇ,

ನಾನು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದೇನೆ. ಎರಡು ಹೊತ್ತು ಹಾಲು ಅಳೆದು, ಫ್ಯಾಟ್ ನೋಡಿ, ಬಟವಾಡೆಯ ಲೆಕ್ಕ ಬರೆಯುವುದು ನನ್ನ ದಿನದ ಕೆಲಸ. ಸಹಕಾರ ಸಂಘಗಳ ಸದಸ್ಯರಿಗಾಗಿ ಇರುವ ಯಶಸ್ವಿನಿ ಆರೋಗ್ಯ ಯೋಜನೆಗೆ ಹೆಸರು ನೋಂದಾಯಿಸುವ ಕೆಲಸವೂ ಸಂಘದ ಮೂಲಕವೇ ನಡೆಯುವುದರಿಂದ, ಯಾರ ಮನೆಗೆ ಆಸ್ಪತ್ರೆಯ ಖರ್ಚು ಬಂದರೂ ಬಿಲ್ಲು, ಎಕ್ಸ್‌ರೇ, ಡಿಸ್ಚಾರ್ಜ್ ಕಾಗದಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಅವರು ಮೊದಲು ಬರುವುದು ಸಂಘದ ಬಾಗಿಲಿಗೆ. ಹೀಗೆ ವರ್ಷಗಳಿಂದ ನೋಡುತ್ತ ಬಂದಿರುವ ಒಂದು ಸಂಕಟವನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಯಾವುದೋ ಒಂದು ಆಸ್ಪತ್ರೆಯ ಮೇಲಿನ ದೂರಾಗಿದ್ದರೆ ಅದನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಕೊಟ್ಟು ಸುಮ್ಮನಾಗುತ್ತಿದ್ದೆ. ಇಲ್ಲಿರುವುದು ಸರ್ಕಾರದ ಹಲವು ಒಳ್ಳೆಯ ಯೋಜನೆಗಳ ನಡುವೆ ಉಳಿದುಹೋಗಿರುವ ಅಂತರದ ಪ್ರಶ್ನೆ. ಅದನ್ನು ತುಂಬಿಸುವ ಅಧಿಕಾರ ತಮ್ಮಲ್ಲಿದೆ.

ಹೃದಯದ ಕಾಯಿಲೆ, ಕ್ಯಾನ್ಸರ್, ಮೂತ್ರಪಿಂಡದ ವೈಫಲ್ಯಗಳ ವೆಚ್ಚದ ಬಗ್ಗೆ ವಿಧಾನಮಂಡಲದಲ್ಲಿ ಚರ್ಚೆಯಾಗುತ್ತದೆ, ಆಗಲೇಬೇಕು. ಪಾದದ ಕೀಲು ಮುರಿದರೆ ಜೀವಕ್ಕೆ ಅಪಾಯವಿಲ್ಲವಾದ್ದರಿಂದ, 'ಕಾಲು ತಾನೇ, ಕೂಡಿಕೊಳ್ಳುತ್ತದೆ ಬಿಡಿ' ಎಂಬ ಸಮಾಧಾನದ ಮಾತಿನಲ್ಲಿ ಅದು ಮುಗಿದುಹೋಗುತ್ತದೆ. ಆದರೆ ನಿಂತು, ಬಗ್ಗಿ, ನಡೆದು, ಹತ್ತಿ ಇಳಿದು ದುಡಿಯುವ ಜನರೇ ತುಂಬಿರುವ ನಮ್ಮ ಜಿಲ್ಲೆಯಲ್ಲಿ ಒಂದು ಸಂಸಾರವನ್ನು ಎರಡು ಮೂರು ವರ್ಷ ಹಿಂದಕ್ಕೆ ತಳ್ಳಲು ಈ ಒಂದು ಮುರಿತ ಸಾಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಗುಬ್ಬಿ ಕಡೆ ತೆಂಗಿನ ಮರ, ಅಡಿಕೆ ಮರ ಹತ್ತುವವರು ಬೀಳುತ್ತಾರೆ. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರ ಪಾದ ಗಾಡಿಯ ಕೆಳಗೆ ಸಿಕ್ಕಿ ತಿರುಚಿಕೊಳ್ಳುತ್ತದೆ. ತೋಟದ ಬದುವಿನಲ್ಲಿ ಕಾಲು ಮಗುಚಿದರೂ ಸಾಕು, ವಯಸ್ಸಾದ ಹೆಣ್ಣುಮಕ್ಕಳ ಸವೆದ ಮೂಳೆ ತಡೆಯುವುದಿಲ್ಲ.

ಈ ಮುರಿತದ ಸ್ವರೂಪವನ್ನು ನಾಲ್ಕು ಮಾತಿನಲ್ಲಿ ಹೇಳಬೇಕಾಗಿದೆ, ಏಕೆಂದರೆ ಖರ್ಚೆಲ್ಲ ನಿಂತಿರುವುದು ಅದರ ಮೇಲೆ. ಮೊಣಕಾಲಿನಿಂದ ಇಳಿದು ಬರುವ ಎರಡು ಮೂಳೆಗಳ ಕೆಳತುದಿಗಳು, ಎಂದರೆ ನಾವು ಒಳಗಿಣ್ಣು ಹೊರಗಿಣ್ಣು ಎಂದು ಮುಟ್ಟಿ ನೋಡುವ ಉಬ್ಬುಗಳು, ಬಾಗಿಲಿನ ಚೌಕಟ್ಟಿನಂತೆ ಎರಡೂ ಪಕ್ಕ ನಿಂತು ಪಾದದ ಮೇಲ್ಮೂಳೆಯನ್ನು ಹಿಡಿದಿಟ್ಟಿರುತ್ತವೆ. ಹೊರಗಿಣ್ಣು ಮಾತ್ರ ಸೀಳಿ, ಕೀಲು ತನ್ನ ಜಾಗ ಬಿಟ್ಟು ಕದಲದೆ ಇದ್ದರೆ ಪ್ಲಾಸ್ಟರ್ ಅಥವಾ ಬೂಟಿನಲ್ಲಿ ಕೆಲವು ವಾರ ಇಟ್ಟರೆ ಅದು ಕೂಡಿಕೊಳ್ಳುತ್ತದೆ. ಎರಡೂ ಗಿಣ್ಣು ಮುರಿದು, ಅಥವಾ ಹಿಂದಿನ ಅಂಚೂ ಸೇರಿ ಮೂರು ಕಡೆ ಮುರಿದು, ಪಾದ ಪಕ್ಕಕ್ಕೆ ಸರಿದಿದ್ದರೆ ಸಾಮಾನ್ಯವಾಗಿ ಚರ್ಮ ಬಿಡಿಸಿ, ಮೂಳೆಯನ್ನು ನೇರಕ್ಕೆ ತಂದು, ಪ್ಲೇಟು ಸ್ಕ್ರೂ ಹಾಕಿ ಬಿಗಿಯಬೇಕಾಗುತ್ತದೆ. ಕೀಲಿನ ಮೇಲ್ಮೈ ಸ್ವಲ್ಪ ಆಚೀಚೆ ಆಗಿ ಕೂಡಿಕೊಂಡರೂ ಮುಂದೆ ಸಂಧಿ ಸವೆದು ಜೀವನಪೂರ್ತಿ ನೋವು ಉಳಿಯಬಹುದು. ಆದ್ದರಿಂದ ಬೇಕಾದವರಿಗೆ ಶಸ್ತ್ರಚಿಕಿತ್ಸೆ ಆಗಲೇಬೇಕು. ಅದರ ಬಗ್ಗೆ ನನ್ನ ತಕರಾರಿಲ್ಲ.

ನಮ್ಮ ಸಂಘದ ಸದಸ್ಯೆಯೊಬ್ಬರ ಸಂಗತಿ ಹೇಳುತ್ತೇನೆ. ಎರಡು ಕರೆಯುವ ಹಸು, ಸ್ವಲ್ಪ ರಾಗಿ ಹೊಲ, ಬಿಪಿಎಲ್ ಕಾರ್ಡು ಇರುವ ಕುಟುಂಬ ಅವರದು. ಮಳೆಗಾಲದ ಒಂದು ಸಂಜೆ ಹುಲ್ಲಿನ ಹೊರೆ ಹೊತ್ತು ಕೊಟ್ಟಿಗೆಗೆ ಬರುವಾಗ ಗಂಜಲ ಸಗಣಿ ಕಲಸಿದ ಕಲ್ಲುಹಾಸಿನ ಮೇಲೆ ಜಾರಿದರು. ಹೊರೆಯ ಭಾರವೆಲ್ಲ ತಿರುಚಿದ ಒಂದೇ ಕಾಲಿನ ಮೇಲೆ ಬಿತ್ತು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಪಟ್ಟಿ ಕಟ್ಟಿ, ಆಪರೇಷನ್ ಆಗಬೇಕು, ಇಲ್ಲಿ ಸದ್ಯಕ್ಕೆ ಆಗುವುದಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದರು. ಬೇರೆ ಆಸ್ಪತ್ರೆಗೆ ಕಳುಹಿಸುವ ರೆಫರಲ್ ಪತ್ರವನ್ನು ಕೇಳಿ ಪಡೆಯಬೇಕೆಂಬುದು ಅವರಿಗೆ ತಿಳಿದಿರಲಿಲ್ಲ, ಅಲ್ಲಿದ್ದವರು ಕೊಡಲೂ ಇಲ್ಲ. ಪಾದ ಪಕ್ಕಕ್ಕೆ ವಾಲಿಕೊಂಡಿದ್ದನ್ನು ನೋಡಿ ಹೆದರಿದ ಮಗ, ರಾತ್ರಿಯೇ ಬಾಡಿಗೆ ಕಾರು ಮಾಡಿಕೊಂಡು ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದ. ರೆಫರಲ್ ಇಲ್ಲದೆ ಬಂದಿದ್ದೀರಿ, ಕಾರ್ಡು ನಡೆಯುವುದಿಲ್ಲ, ಮುಂಗಡ ಕಟ್ಟಿ ಎಂದರು. ಕಟ್ಟಿದರು.

ಆ ಆಸ್ಪತ್ರೆಯ ಬಿಲ್ಲನ್ನು ನಾನು ಸಂಘದ ಮೇಜಿನ ಮೇಲೆ ಹರಡಿಕೊಂಡು ಓದಿದೆ. ಹಾಸಿಗೆಯ ಬಾಡಿಗೆ, ದಿನದ ನರ್ಸಿಂಗ್ ಚಾರ್ಜು, ಅರಿವಳಿಕೆ ವೈದ್ಯರ ಶುಲ್ಕ, ಆಪರೇಷನ್ ಕೋಣೆಯ ಬಾಡಿಗೆ, ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರದ ಬಾಡಿಗೆ ಎಲ್ಲವೂ ಬೇರೆ ಬೇರೆ ಸಾಲಿನಲ್ಲಿದ್ದವು. ಹತ್ತಿ, ಕೈಗವಸು, ಸಿರಿಂಜುಗಳಿಗೂ ಸಾಲುಗಳಿದ್ದವು. ಅವೆಲ್ಲಕ್ಕಿಂತ ದೊಡ್ಡ ಮೊತ್ತದ ಮುಂದೆ ಮಾತ್ರ 'ಇಂಪ್ಲಾಂಟ್' ಎಂಬ ಒಂದೇ ಪದ ಇತ್ತು. ಎಷ್ಟು ಪ್ಲೇಟು, ಎಷ್ಟು ಸ್ಕ್ರೂ, ಸ್ಟೀಲೋ ಟೈಟಾನಿಯಮ್ಮೋ, ಯಾವ ಕಂಪನಿ, ಯಾವ ಬ್ಯಾಚ್, ಮುದ್ರಿತ ಬೆಲೆ ಎಷ್ಟು ಎಂಬ ಯಾವ ವಿವರವೂ ಇರಲಿಲ್ಲ. ನಾವು ಅಳೆಯುವ ಹಾಲಿಗೆ ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಎಂದು ಚೀಟಿಯಲ್ಲಿ ನಮೂದಿಸದಿದ್ದರೆ ಸದಸ್ಯರು ನನ್ನನ್ನು ಪ್ರಶ್ನಿಸುತ್ತಾರೆ, ಪ್ರಶ್ನಿಸುವ ಹಕ್ಕು ಅವರಿಗಿದೆ. ತನ್ನ ಮೂಳೆಗೆ ಬಿಗಿದ ಲೋಹದ ಬಗ್ಗೆ ಅಷ್ಟು ವಿವರವನ್ನು ಕೇಳುವ ಹಕ್ಕು ಆ ಹೆಣ್ಣುಮಗಳಿಗೂ ಇರಬೇಕು.

ಈ ಪ್ಲೇಟು ಸ್ಕ್ರೂಗಳ ಬೆಲೆಯ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ. 2017ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಹೃದಯದ ಸ್ಟೆಂಟ್‌ಗಳಿಗೂ, ಅದೇ ವರ್ಷ ಆಗಸ್ಟ್‌ನಲ್ಲಿ ಕೃತಕ ಮೊಣಕಾಲು ಕೀಲಿಗೂ ಗರಿಷ್ಠ ಬೆಲೆ ನಿಗದಿ ಮಾಡಿತು. ಮೊಣಕಾಲು ಕೀಲಿನ ಆದೇಶದಲ್ಲಿ, ಆಸ್ಪತ್ರೆಗಳು ಬಿಲ್ಲಿನಲ್ಲಿ ಅದರ ಬೆಲೆಯನ್ನು ಪ್ರತ್ಯೇಕವಾಗಿ, ಬ್ರಾಂಡ್, ತಯಾರಕರು ಮತ್ತು ಬ್ಯಾಚ್ ವಿವರದೊಂದಿಗೆ ತೋರಿಸಬೇಕೆಂದೂ ಹೇಳಲಾಗಿದೆ. ಮುರಿದ ಮೂಳೆಗೆ ಹಾಕುವ ಪ್ಲೇಟು, ಸ್ಕ್ರೂ, ರಾಡುಗಳಿಗೆ ಅಂಥ ಗರಿಷ್ಠ ಬೆಲೆ ಇಲ್ಲ. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳನ್ನು ಔಷಧದ ವ್ಯಾಖ್ಯೆಯೊಳಗೆ ತಂದಿರುವುದರಿಂದ ಮುದ್ರಿತ ಬೆಲೆಯನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚಿಸುವಂತಿಲ್ಲ ಎಂಬ ನಿಯಮ ಅವಕ್ಕೂ ಅನ್ವಯಿಸುತ್ತದೆ. ಆದರೆ ಆರಂಭದಲ್ಲೇ ಮುದ್ರಿತ ಬೆಲೆಯನ್ನು ಎತ್ತರದಲ್ಲಿ ಇಟ್ಟಿದ್ದರೆ ಈ ನಿಯಮದಿಂದ ರೋಗಿಗೆ ಸಿಗುವುದೇನು? ಮೊಣಕಾಲು ಕೀಲು ಬದಲಾಯಿಸಬೇಕಾದವರಿಗೆ ಯೋಚಿಸಲು, ನಾಲ್ಕು ಕಡೆ ವಿಚಾರಿಸಲು ತಿಂಗಳುಗಟ್ಟಲೆ ಸಮಯವಿರುತ್ತದೆ. ಕಾಲು ಮುರಿದು ಸ್ಟ್ರೆಚರಿನ ಮೇಲೆ ಮಲಗಿದವರಿಗೆ ಆ ಅವಕಾಶವಿಲ್ಲ. ಬೆಲೆಯ ರಕ್ಷಣೆ ಹೆಚ್ಚು ಬೇಕಾಗಿರುವುದು ಇವರಿಗೆ.

ಸ್ಟೀಲ್ ಹಾಕಲೇ, ಟೈಟಾನಿಯಂ ಹಾಕಲೇ ಎಂಬ ಪ್ರಶ್ನೆಯನ್ನು ಆಪರೇಷನ್ನಿಗೆ ಸ್ವಲ್ಪ ಮೊದಲು ಮನೆಯವರ ಮುಂದಿಡುತ್ತಾರೆ. 'ಅಮ್ಮನಿಗೆ ಒಳ್ಳೆಯದನ್ನೇ ಹಾಕಿಸಿ' ಎಂದು ಹೇಳದ ಮಗ ಯಾರಿದ್ದಾರೆ? ಪಾದದ ಕೀಲಿನ ಸಾಮಾನ್ಯ ಮುರಿತಗಳಿಗೆ ಸ್ಟೀಲ್ ಪ್ಲೇಟುಗಳು ದಶಕಗಳಿಂದ ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಮೂಳೆ ಬಹಳ ಸವೆದವರಲ್ಲಿ, ಚೂರುಚೂರಾದ ಮುರಿತಗಳಲ್ಲಿ ಸ್ಕ್ರೂಗಳು ಪ್ಲೇಟಿಗೇ ಬಿಗಿದುಕೊಳ್ಳುವ, ದುಬಾರಿಯಾದ ಲಾಕಿಂಗ್ ಪ್ಲೇಟಿಗೆ ವೈದ್ಯಕೀಯ ಕಾರಣ ಇರಬಹುದು. ಇದ್ದರೆ ಆ ಕಾರಣವನ್ನು ಕೇಸ್ ಶೀಟಿನಲ್ಲಿ ಬರೆಯಲಿ. ಗಾಬರಿಯಲ್ಲಿರುವ ಮನೆಯವರ ಒಪ್ಪಿಗೆಯನ್ನೇ ಕಾರಣವೆಂದು ತೋರಿಸಬಾರದು.

ಇನ್ನು ಯೋಜನೆಗಳ ಮಾತಿಗೆ ಬರುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರದ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ರೆಫರಲ್ ಬೇಡ. ಉಳಿದವಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಸೌಲಭ್ಯವಿಲ್ಲದಿದ್ದರೆ ಮಾತ್ರ ಪತ್ರ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳು ಬಲಗೊಳ್ಳಬೇಕೆಂಬ ಉದ್ದೇಶದ ಈ ನಿಯಮವನ್ನು ನಾನು ಒಪ್ಪುತ್ತೇನೆ. ಆದರೆ ಸರ್ಕಾರಿ ಆಸ್ಪತ್ರೆ 'ಇಲ್ಲಿ ಆಗುವುದಿಲ್ಲ' ಎಂದು ಹೇಳಿದ ಕ್ಷಣದಲ್ಲೇ ಆ ಪತ್ರ ರೋಗಿಯ ಕೈ ಸೇರಬೇಕಲ್ಲವೇ? ಪತ್ರ ಬರೆಯುವುದು ಆಸ್ಪತ್ರೆಯ ಕರ್ತವ್ಯವಾಗಿರಬೇಕು. ಈಗ ಅದನ್ನು ಕೇಳಿ ಪಡೆಯುವ ತಿಳಿವಳಿಕೆ ರೋಗಿಗೆ ಇರಬೇಕೆಂದು ನಿರೀಕ್ಷಿಸಿದಂತಾಗಿದೆ. ಒಂದು ಹಾಳೆಯ ಕೊರತೆಯಿಂದ 5 ಲಕ್ಷದ ರಕ್ಷಣೆ ಇದ್ದ ಕುಟುಂಬ ಸಾಲದ ಬಾಗಿಲಿಗೆ ಹೋಗಿದ್ದನ್ನು ನಾನು ನೋಡಿದ್ದೇನೆ.

ಯಶಸ್ವಿನಿಯ ಕಾರ್ಡು ಇದ್ದಿದ್ದರೆ ಎಂದು ಕೇಳಬಹುದು. ನಾಲ್ಕು ಜನರ ಗ್ರಾಮೀಣ ಕುಟುಂಬಕ್ಕೆ 500 ರೂಪಾಯಿ ಕಟ್ಟಿದರೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುವ ಮತ್ತು ನಡುವೆ ನಿಂತುಹೋಗಿದ್ದ ಈ ಯೋಜನೆಯನ್ನು ಮತ್ತೆ 2023ರ ಜನವರಿಯಿಂದ ಜಾರಿಗೆ ತಂದಿದ್ದಕ್ಕೆ ಸಹಕಾರ ಸಂಘಗಳ ನಾವೆಲ್ಲ ಕೃತಜ್ಞರು. ಆದರೆ ಬಿಪಿಎಲ್ ಕಾರ್ಡು ಇದೆಯಲ್ಲ, ಮತ್ತೊಂದು ಯಾಕೆ ಎಂದು ಆ ಸದಸ್ಯೆಯ ಮನೆಯವರು ಆ ವರ್ಷ ನೋಂದಾಯಿಸಿರಲಿಲ್ಲ.

ರಸ್ತೆ ಅಪಘಾತದಲ್ಲಿ ಕಾಲು ಮುರಿದವರದು ಇನ್ನೊಂದು ತೊಡಕು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಅಪಘಾತಕ್ಕೊಳಗಾಗಿ, ಪ್ರಾಣ ಹೋಗುವ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ ಹರೀಶ್ ನಮ್ಮ ಗುಬ್ಬಿ ತಾಲ್ಲೂಕಿನವರು. ಅವರ ಹೆಸರಿನಲ್ಲೇ ಸರ್ಕಾರ ತಂದ ಸಾಂತ್ವನ ಹರೀಶ್ ಯೋಜನೆಯು ಅಪಘಾತದ ಮೊದಲ 48 ಗಂಟೆಗಳಿಗೆ 25,000 ರೂಪಾಯಿವರೆಗಿನ ಉಚಿತ ಚಿಕಿತ್ಸೆಯನ್ನು ಒದಗಿಸಲು ರೂಪುಗೊಂಡಿತು. ಕೇಂದ್ರ ಸರ್ಕಾರವು 2025ರ ಮೇ 5ರಂದು ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಅಪಘಾತದ ದಿನದಿಂದ ಗರಿಷ್ಠ 7 ದಿನಗಳವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎರಡೂ ಪ್ರಾಣ ಉಳಿಸುವ ಯೋಜನೆಗಳು. ಅವುಗಳ ಮಹತ್ವ ನಮ್ಮ ತಾಲ್ಲೂಕಿನವರಿಗೆ ಚೆನ್ನಾಗಿ ಗೊತ್ತು. ಆದರೆ ಪಾದದ ಕೀಲಿನ ಮುರಿತಕ್ಕೆ ಒಂದು ವಿಶೇಷವಿದೆ. ಅಲ್ಲಿ ಚರ್ಮದ ಕೆಳಗೆ ಮಾಂಸದ ಹೊದಿಕೆ ತೀರ ತೆಳು. ಮುರಿದ ಮಾರನೆಯ ದಿನಕ್ಕೆ ಪಾದ ಊದಿಕೊಂಡು, ಚರ್ಮ ಬಿಗಿದು ಹೊಳೆಯುತ್ತದೆ, ನೀರುಗುಳ್ಳೆಗಳು ಏಳುತ್ತವೆ. ಆ ಸ್ಥಿತಿಯಲ್ಲಿ ಕತ್ತಿ ಹಾಕಿದರೆ ಗಾಯ ಕೂಡದೆ, ಕೀವಾಗುವ ಅಪಾಯ ಹೆಚ್ಚು. ಹಾಗಾಗಿ ಮೊದಲ ಕೆಲವು ಗಂಟೆಗಳಲ್ಲಿ ಆಪರೇಷನ್ ಮಾಡಲಾಗದಿದ್ದರೆ, ಕೀಲನ್ನು ನೇರಕ್ಕೆ ಎಳೆದು ಕೂರಿಸಿ, ಕಾಲನ್ನು ಎತ್ತರದಲ್ಲಿಟ್ಟು, ಊತ ಇಳಿದು ಚರ್ಮದಲ್ಲಿ ನೆರಿಗೆ ಕಾಣುವವರೆಗೆ ಕಾಯುವುದು ಸರಿಯಾದ ವೈದ್ಯ ಕ್ರಮ. ಆ ಕಾಯುವಿಕೆ ಒಂದು ವಾರ, ಹತ್ತು ದಿನ, ಕೆಲವೊಮ್ಮೆ ಎರಡು ವಾರವೂ ಆಗುತ್ತದೆ. ಅಂದರೆ ವೈದ್ಯರು ಜವಾಬ್ದಾರಿಯಿಂದ ಕಾದಷ್ಟೂ ರೋಗಿಯ 7 ದಿನಗಳು ಹಾಸಿಗೆಯ ಮೇಲೆಯೇ ತೀರಿಹೋಗುತ್ತವೆ. ಆಪರೇಷನ್ನಿನ ದಿನ ಬರುವ ಹೊತ್ತಿಗೆ ಯೋಜನೆಯ ಅವಧಿ ಮುಗಿದಿರುತ್ತದೆ. ಈ ಗಡುವಿನ ಒತ್ತಡಕ್ಕೆ ಸಿಕ್ಕಿ ಯಾರಾದರೂ ಊದಿದ ಕಾಲಿಗೇ ಆತುರದ ಆಪರೇಷನ್ ಮಾಡಿದರೆ, ಅದರಿಂದಾಗುವ ಸೋಂಕಿನ ಖರ್ಚು ಮೊದಲ ಖರ್ಚನ್ನೂ ಮೀರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಭಯ ಇನ್ನೂ ಹೆಚ್ಚು.

ಶಸ್ತ್ರಚಿಕಿತ್ಸೆ ಉಚಿತವಾಗಿಯೇ ಆಯಿತು ಎಂದುಕೊಳ್ಳೋಣ. ಯೋಜನೆಯ ಲೆಕ್ಕ ಡಿಸ್ಚಾರ್ಜಿಗೆ ಮುಗಿಯುತ್ತದೆ. ಮನೆಯವರ ಲೆಕ್ಕ ಆ ಕಾಲು ನೆಲಕ್ಕೆ ಊರಿ ಕೆಲಸಕ್ಕೆ ಹೋಗುವ ದಿನದವರೆಗೂ ನಡೆಯುತ್ತಲೇ ಇರುತ್ತದೆ. ಸಾಮಾನ್ಯವಾಗಿ ಆರು ವಾರ ಆ ಕಾಲಿನ ಮೇಲೆ ಭಾರ ಹಾಕಬೇಡಿ ಎನ್ನುತ್ತಾರೆ. ಹೊಲದ ಕೆಲಸ, ಮರ ಹತ್ತುವ ಕೆಲಸ, ಗಾರೆ ಕೆಲಸಕ್ಕೆ ಮರಳಲು ಮೂರು ತಿಂಗಳಾದರೂ ಬೇಕು, ಹಲವರಿಗೆ ಅದಕ್ಕೂ ಹೆಚ್ಚು. ಕೂಲಿಯ ಕನಿಷ್ಠ ಅಳತೆಯಾಗಿ 2025-26ರ ನರೇಗಾ ದರವಾದ ದಿನಕ್ಕೆ 370 ರೂಪಾಯಿಯನ್ನೇ ತೆಗೆದುಕೊಂಡು, ತಿಂಗಳಿಗೆ 26 ದಿನದಂತೆ ಲೆಕ್ಕ ಹಾಕಿದರೆ ಮೂರು ತಿಂಗಳಿಗೆ 28,860 ರೂಪಾಯಿ ಕೈತಪ್ಪುತ್ತದೆ. ಆರೈಕೆಗೆಂದು ಮನೆಯಲ್ಲಿ ನಿಲ್ಲುವ ಇನ್ನೊಬ್ಬರ ಆರು ವಾರದ ಕೂಲಿ, ವಾರಕ್ಕೆ ಆರು ದಿನದಂತೆ, 13,320 ರೂಪಾಯಿ. ಎರಡೂ ಸೇರಿ 42,180 ರೂಪಾಯಿ ನಷ್ಟ. ತೆಂಗಿನಕಾಯಿ ಕೀಳುವವರ ದಿನದ ಸಂಪಾದನೆ 370 ರೂಪಾಯಿಗಿಂತ ಹೆಚ್ಚಾದ್ದರಿಂದ ಅವರ ನಷ್ಟವೂ ಇದಕ್ಕಿಂತ ಹೆಚ್ಚು. ವಾಕರ್, ಮತ್ತೆ ಮತ್ತೆ ತೆಗೆಸುವ ಎಕ್ಸ್‌ರೇ, ಪ್ರತಿ ಬಾರಿಯ ತಪಾಸಣೆಗೆ ಬಸ್ಸು ಹತ್ತಲಾಗದೆ ಮಾಡುವ ಆಟೋ ಇಲ್ಲವೆ ಕಾರಿನ ಬಾಡಿಗೆ, ಫಿಸಿಯೋಥೆರಪಿ, ಇವು ಯಾವುವೂ ಇದರಲ್ಲಿ ಸೇರಿಲ್ಲ. ಗಿಣ್ಣಿನ ಮೇಲೆ ಚರ್ಮ ತೆಳುವಾಗಿರುವುದರಿಂದ ಪ್ಲೇಟು ಒತ್ತಿ ನೋವಾಗಿ, ಅದನ್ನು ತೆಗೆಸಲು ಕೆಲವರು ಮತ್ತೊಮ್ಮೆ ಆಸ್ಪತ್ರೆ ಸೇರಬೇಕಾಗುತ್ತದೆ. ಆಗ ಮತ್ತೆ ಕೆಲವು ವಾರಗಳ ದುಡಿಮೆ ಹೋಗುತ್ತದೆ.

ನಾನು ಮೇಲೆ ಹೇಳಿದ ಸದಸ್ಯೆಯ ಮನೆಗೆ ಹೋದಾಗ ಕಂಡದ್ದು ಹೀಗಿತ್ತು. ಅವರ ಮನೆಯ ಶೌಚಾಲಯದಲ್ಲಿ ಕುಕ್ಕರಗಾಲಿನಲ್ಲಿ ಕೂರಬೇಕು. ಮುರಿದ ಕಾಲಿನಲ್ಲಿ ಅದು ಸಾಧ್ಯವಿಲ್ಲ. ಅಂಗಡಿಯಲ್ಲಿ ಕಮೋಡ್ ಕುರ್ಚಿಯ ಬೆಲೆ ಕೇಳಿ ಬಂದ ಮಗ, ಮನೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯ ನಡುವೆ ಕಾಯಿಸಿದ ಕುಡುಗೋಲಿನಿಂದ ಅಗಲವಾಗಿ ಕೊರೆದು, ಅಂಚು ಚುಚ್ಚದಿರಲೆಂದು ಹಳೆಯ ಸೈಕಲ್ ಟ್ಯೂಬನ್ನು ಸುತ್ತಿ ಕಟ್ಟಿದ್ದ. ಹಾಲು ಕರೆಯಲು ಮಗನಿಗೆ ಕೈ ಬಗ್ಗುತ್ತಿರಲಿಲ್ಲ, ಹಸುಗಳು ಅವನಿಗೆ ಸೊರೆ ಬಿಡುತ್ತಲೂ ಇರಲಿಲ್ಲ. ಸಂಘಕ್ಕೆ ಬರುವ ಹಾಲು ಇಳಿಯಿತು, ಅದರೊಂದಿಗೆ ಲೀಟರಿಗೆ ಸರ್ಕಾರ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ಇಳಿಯಿತು. ಆಸ್ಪತ್ರೆಯ ಸಾಲದ ಕಂತು ಕಟ್ಟಲಾಗದೆ ಕೊನೆಗೆ ಎರಡರಲ್ಲಿ ಹೆಚ್ಚು ಹಾಲು ಕೊಡುತ್ತಿದ್ದ ಹಸುವನ್ನು ಮಾರಿದರು. ಕಾಲು ನೆಟ್ಟಗಾಗುವ ಹೊತ್ತಿಗೆ ದುಡಿಯಲು ಕೊಟ್ಟಿಗೆಯಲ್ಲಿ ಅರ್ಧ ಆಸ್ತಿ ಉಳಿದಿತ್ತು. ಕಿರುಸಾಲ ಕಂಪನಿಗಳ ವಸೂಲಿ ಕಿರುಕುಳ ತಡೆಯಲು 2025ರ ಆರಂಭದಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ಸಾಲಗಳ ಮೂಲ ಹುಡುಕುತ್ತ ಹೋದರೆ ಆಸ್ಪತ್ರೆಯ ಬಿಲ್ಲುಗಳೂ ಸಿಗುತ್ತವೆ ಎಂಬುದನ್ನು ನನ್ನ ಅನುಭವದಿಂದ ಹೇಳಬಲ್ಲೆ.

ಇದೇ ಜಿಲ್ಲೆಯ ವಸಂತನರಸಾಪುರದ ಕಾರ್ಖಾನೆಯಲ್ಲಿ, ತಿಂಗಳಿಗೆ 21,000 ರೂಪಾಯಿ ಮಿತಿಯೊಳಗಿನ ಸಂಬಳಕ್ಕೆ ದುಡಿಯುವ, ಇಎಸ್‌ಐ (ನೌಕರರ ರಾಜ್ಯ ವಿಮೆ) ಸದಸ್ಯನ ಕಾಲು ಮುರಿದರೆ, ಅವನಿಗೆ ಚಿಕಿತ್ಸೆಯ ಜೊತೆಗೆ ಕಾಯಿಲೆ ರಜೆಯ ಭತ್ಯೆಯಾಗಿ ಸರಾಸರಿ ಕೂಲಿಯ ಶೇ 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಕೆಲಸದಲ್ಲಿದ್ದಾಗ ಆದ ಗಾಯವಾದರೆ ತಾತ್ಕಾಲಿಕ ಅಂಗವೈಕಲ್ಯ ಇರುವಷ್ಟು ಕಾಲ ಶೇ 90ರಷ್ಟು ಸಿಗುತ್ತದೆ. 91 ದಿನ ಎಂದರೆ ಮೂರು ತಿಂಗಳು. ಪಾದದ ಕೀಲಿಗೆ ಬೇಕಾಗುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಕಾಯಿಲೆ ಬಿದ್ದ ಕಾರ್ಮಿಕನಿಗೆ ಔಷಧ ಮಾತ್ರ ಸಾಲದು, ಊಟಕ್ಕೂ ಬೇಕು ಎಂಬ ತಿಳಿವಳಿಕೆ 1948ರ ಇಎಸ್‌ಐ ಕಾಯ್ದೆಯಲ್ಲೇ ಇತ್ತು. ಆ ಕಾರ್ಖಾನೆಯ ಕ್ಯಾಂಟೀನಿಗೆ ಹಾಲು ಒದಗಿಸುವ ಹೆಣ್ಣುಮಗಳಿಗೆ, ತೆಂಗಿನ ಮರದಿಂದ ಬಿದ್ದ ಕೂಲಿಯವನಿಗೆ ಅದು ಇಂದಿಗೂ ತಲುಪಿಲ್ಲ.

ಖರ್ಚು ಕಡಿಮೆ ಮಾಡುವ ದಾರಿಗಳಲ್ಲಿ, ಆಪರೇಷನ್ ಬೇಡದವರಿಗೆ ಆಪರೇಷನ್ ಆಗದಂತೆ ನೋಡಿಕೊಳ್ಳುವುದೂ ಒಂದು. ಬ್ರಿಟನ್ನಿನಲ್ಲಿ 60 ವರ್ಷ ದಾಟಿದ 620 ಮಂದಿಯನ್ನು ಒಳಗೊಂಡು, 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೀಲು ಅಸ್ಥಿರವಾಗಿದ್ದವರನ್ನೇ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ಅರಿವಳಿಕೆ ಕೊಟ್ಟು ಕಾಲಿಗೆ ಒತ್ತಾಗಿ ಕೂರುವಂತೆ ಹಾಕುವ ಪ್ಲಾಸ್ಟರ್ ಮಾಡಿದರು. ಆರು ತಿಂಗಳ ನಂತರ ಎರಡೂ ಗುಂಪಿನವರ ನಡಿಗೆ, ನೋವು ಸರಿಸುಮಾರು ಒಂದೇ ಆಗಿತ್ತು. ಪ್ಲಾಸ್ಟರ್ ಗುಂಪಿನಲ್ಲಿ ಐವರಲ್ಲಿ ಸುಮಾರು ಒಬ್ಬರಿಗೆ ಆಮೇಲೆ ಆಪರೇಷನ್ ಬೇಕಾಯಿತು, ಮೂಳೆ ಸ್ವಲ್ಪ ಓರೆಯಾಗಿ ಕೂಡಿದವರೂ ಆ ಗುಂಪಿನಲ್ಲೇ ಹೆಚ್ಚು ಎಂಬುದನ್ನೂ ಹೇಳಬೇಕು. ಕದಲದ ಮುರಿತಗಳ ಬಗ್ಗೆ ಫಿನ್ಲೆಂಡಿನಿಂದ 2019ರಲ್ಲಿ ಬಂದ ಅಧ್ಯಯನವು ಆರು ವಾರದ ಪ್ಲಾಸ್ಟರಿನಷ್ಟೇ ಒಳ್ಳೆಯ ಫಲ ಮೂರು ವಾರದಲ್ಲೂ ಸಿಗುತ್ತದೆ ಎಂದು ತೋರಿಸಿತು. ಮೂರು ವಾರ ಉಳಿದರೆ ಕೂಲಿಯವರಿಗೆ ಅದೂ ಹಣವೇ. ಯಾರಿಗೆ ಯಾವುದು ಸರಿ ಎಂದು ನಿರ್ಧರಿಸಬೇಕಾದವರು ಮೂಳೆ ತಜ್ಞರು, ನಾನಲ್ಲ. ಆದರೆ ಪ್ಲಾಸ್ಟರನ್ನು ಚೆನ್ನಾಗಿ ಹಾಕಿ, ವಾರ ವಾರ ಎಕ್ಸ್‌ರೇ ತೆಗೆದು ನೋಡುವ ವೈದ್ಯರಿಗೆ ಸಿಗುವ ದರ ಅಲ್ಪವಾಗಿದ್ದು, ಪ್ಲೇಟು ಹಾಕಿದರೆ ಮಾತ್ರ ಆದಾಯವಿರುವ ವ್ಯವಸ್ಥೆಯಲ್ಲಿ ಆ ನಿರ್ಧಾರದ ಮೇಲೆ ಒತ್ತಡ ಬೀಳದೆ ಇರದು.

ಸರ್ಕಾರಿ ಆಸ್ಪತ್ರೆಗೆ ಅಂಥ ಒತ್ತಡವಿಲ್ಲ. ಅದಕ್ಕಾಗಿಯೇ ಈ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗಬೇಕೆಂದು ಒತ್ತಾಯಿಸುತ್ತಿದ್ದೇನೆ. ಹತ್ತು ತಾಲ್ಲೂಕುಗಳ ಈ ಜಿಲ್ಲೆಯಲ್ಲಿರುವ ವೈದ್ಯಕೀಯ ಕಾಲೇಜುಗಳು ಖಾಸಗಿಯವು. ಪಾವಗಡದವರು ತುಮಕೂರಿಗೆ ಬರಬೇಕಾದರೆ ಆಂಧ್ರದ ನೆಲ ದಾಟಿ ಸುಮಾರು 100 ಕಿಲೋಮೀಟರ್ ಬರಬೇಕು. ಇಲ್ಲಿಯೂ ಆಗದಿದ್ದರೆ ಬೆಂಗಳೂರಿನ ಜಯನಗರದಲ್ಲಿರುವ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಯ ಕಡೆ ಮುಖ ಮಾಡಬೇಕು. ಈ ದೂರ, ಈ ಖರ್ಚಿನ ಭಯದಿಂದಲೇ ಹಲವರು ನಾಟಿ ವೈದ್ಯರ ಹತ್ತಿರ ಬಿದಿರುಪಟ್ಟಿ ಕಟ್ಟಿಸಿಕೊಳ್ಳುತ್ತಾರೆ. ಅವರನ್ನು ಮೂಢರೆಂದು ಬೈಯುವುದು ನ್ಯಾಯವಲ್ಲ. ಇಂತಿಷ್ಟೇ ಖರ್ಚಾಗುತ್ತದೆ ಎಂದು ಮೊದಲೇ ಹೇಳುವವರು ಅವರಿಗೆ ಸಿಕ್ಕಿದ್ದು ಅಲ್ಲಿ ಮಾತ್ರ. ಪಾದ ಓರೆಯಾಗಿ ಕೂಡಿಕೊಂಡ ಮೇಲೆ ಅವರೇ ತಿಂಗಳುಗಳ ನಂತರ ಆಸ್ಪತ್ರೆಗೆ ಬರುತ್ತಾರೆ, ಆಗ ಚಿಕಿತ್ಸೆ ಮೊದಲಿಗಿಂತ ಕಠಿಣ, ಮೊದಲಿಗಿಂತ ದುಬಾರಿ.

ಮಾನ್ಯರೇ, ನನ್ನ ಕೋರಿಕೆಗಳನ್ನು ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು, ಮೂಳೆ ಮುರಿತದ ಯಾವುದೇ ರೋಗಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಆಗುವುದಿಲ್ಲವೆಂದು ಹೇಳಿದ ಕೂಡಲೇ ರೆಫರಲ್ ಪತ್ರವನ್ನು ಆಸ್ಪತ್ರೆಯೇ ಆನ್‌ಲೈನ್‌ನಲ್ಲಿ ಕಳುಹಿಸಬೇಕು, ಪತ್ರವಿಲ್ಲದೆ ರೋಗಿಯನ್ನು ಹೊರಗೆ ಕಳುಹಿಸಿದರೆ ಅದರ ಹೊಣೆ ಆ ಆಸ್ಪತ್ರೆಯದಾಗಬೇಕು. ಇದಕ್ಕೆ ಹೊಸ ಹಣ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಕೀಲು ಜಾರಿ ಪಾದ ಓರೆಯಾಗಿರುವ ಮುರಿತಗಳನ್ನು ಹಾಗೂ ಮೂಳೆ ಹೊರಗೆ ಕಾಣುವ ಮುರಿತಗಳನ್ನು ಯಾವ ಗೊಂದಲವೂ ಇಲ್ಲದಂತೆ, ರೆಫರಲ್ ಬೇಡದ ತುರ್ತು ಚಿಕಿತ್ಸೆಯೆಂದೇ ಎಲ್ಲ ಆಸ್ಪತ್ರೆಗಳೂ ಪರಿಗಣಿಸುವಂತೆ, ಆರೋಗ್ಯ ಕರ್ನಾಟಕ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಸ್ಪಷ್ಟ ಸೂಚನೆ ಕೊಡಬೇಕು.

ಪ್ಲೇಟು ಸ್ಕ್ರೂಗಳಿಗೆ ಗರಿಷ್ಠ ಬೆಲೆ ನಿಗದಿ ಮಾಡುವಂತೆ ಕೇಂದ್ರ ಸರ್ಕಾರಕ್ಕೂ ಬೆಲೆ ಪ್ರಾಧಿಕಾರಕ್ಕೂ ರಾಜ್ಯ ಸರ್ಕಾರ ಅಧಿಕೃತವಾಗಿ ಬರೆಯಬೇಕು. ಅದು ಬರುವವರೆಗೆ ನಮ್ಮ ರಾಜ್ಯದ ಕೈಯಲ್ಲಿರುವುದನ್ನಾದರೂ ಮಾಡಬಹುದು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಆಸ್ಪತ್ರೆಗಳು ತಮ್ಮ ದರಪಟ್ಟಿಯನ್ನು ಪ್ರದರ್ಶಿಸಬೇಕು. ತುರ್ತು ಚಿಕಿತ್ಸೆಗೆ ಮುಂಗಡಕ್ಕಾಗಿ ಕಾಯಿಸುವಂತಿಲ್ಲ. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಆ ದರಪಟ್ಟಿಯಲ್ಲಿ ಇಂಪ್ಲಾಂಟ್‌ಗಳ ಬೆಲೆಯೂ ಸೇರಬೇಕು, ಕನ್ನಡದಲ್ಲಿರಬೇಕು. ಬಿಲ್ಲಿನಲ್ಲಿ ಪ್ರತಿ ಪ್ಲೇಟು, ಪ್ರತಿ ಸ್ಕ್ರೂವಿನ ಹೆಸರು, ಸಂಖ್ಯೆ, ಬ್ಯಾಚ್, ಮುದ್ರಿತ ಬೆಲೆ ಇರಬೇಕು, ಅದರ ಸ್ಟಿಕರ್ ಡಿಸ್ಚಾರ್ಜ್ ಕಾಗದದ ಮೇಲೆ ಅಂಟಿಸಿರಬೇಕು. ಮುಂದೆ ಅದನ್ನು ತೆಗೆಯಬೇಕಾದ ವೈದ್ಯರಿಗೂ ಈ ವಿವರ ಬೇಕಾಗುತ್ತದೆ.

ರಸ್ತೆ ಅಪಘಾತದ ಯೋಜನೆಯಲ್ಲಿ, ಊತ ಇಳಿಯಲೆಂದು ವೈದ್ಯರೇ ಲಿಖಿತವಾಗಿ ಮುಂದೂಡಿದ ಆಪರೇಷನ್‌ಗಳಿಗೆ 7 ದಿನಗಳ ಮಿತಿಯನ್ನು ಸಡಿಲಿಸುವಂತೆ ಕೇಂದ್ರದೊಂದಿಗೆ ಮಾತನಾಡಿ. ಅದು ತಡವಾದರೆ, ಎಂಟನೆಯ ದಿನದಿಂದ ರೋಗಿಯನ್ನು ತಾನಾಗಿಯೇ ಆರೋಗ್ಯ ಕರ್ನಾಟಕ ಯೋಜನೆಗೆ ವರ್ಗಾಯಿಸುವ ವ್ಯವಸ್ಥೆಯನ್ನು ರಾಜ್ಯವೇ ಮಾಡಬಹುದು. ರೋಗಿ ಮಲಗಿರುವ ಹಾಸಿಗೆ ಬದಲಾಗಬಾರದು. ಹಣ ಬರುವ ಖಾತೆ ಮಾತ್ರ ಬದಲಾಗಲಿ.

ತಾಲ್ಲೂಕು ಆಸ್ಪತ್ರೆಗಳೆಲ್ಲದರಲ್ಲೂ ಎಲ್ಲವೂ ಆಗಲಿ ಎಂದು ನಾನು ಕೇಳುವುದಿಲ್ಲ. ಜಿಲ್ಲೆಯ ಎರಡು ಮೂರು ಕಡೆ, ತಿಪಟೂರು, ಶಿರಾ ಅಥವಾ ಮಧುಗಿರಿಯಂಥ ಊರುಗಳಲ್ಲಿ, ಮೂಳೆ ತಜ್ಞರು, ಅರಿವಳಿಕೆ ತಜ್ಞರು, ಸಿ-ಆರ್ಮ್ ಯಂತ್ರ, ಟ್ರಸ್ಟ್ ಮೂಲಕ ಒಟ್ಟಾಗಿ ಖರೀದಿಸಿದ ಸ್ಟೀಲ್ ಪ್ಲೇಟು ಸ್ಕ್ರೂಗಳ ದಾಸ್ತಾನು, ಒಬ್ಬ ಫಿಸಿಯೋಥೆರಪಿಸ್ಟ್, ಇಷ್ಟು ಖಾಯಂ ಆಗಿ ಇರಲಿ. ಈ ಐದರಲ್ಲಿ ಒಂದಿಲ್ಲದಿದ್ದರೂ ಉಳಿದ ನಾಲ್ಕು ವ್ಯರ್ಥವಾಗುವುದನ್ನು ನಾವು ನೋಡಿದ್ದೇವೆ. ಪ್ಲಾಸ್ಟರಿನಿಂದಲೇ ಗುಣವಾಗುವ ಮುರಿತಗಳಿಗೆ, ನಂತರದ ಎಕ್ಸ್‌ರೇ ಮತ್ತು ತಪಾಸಣೆಗಳೂ ಸೇರಿದಂತೆ, ವೈದ್ಯರ ಶ್ರಮಕ್ಕೆ ತಕ್ಕ ಪ್ಯಾಕೇಜ್ ದರ ನಿಗದಿಯಾಗಲಿ. ವಾಕರ್ ಮತ್ತು ಕಮೋಡ್ ಕುರ್ಚಿಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಟ್ಟು ಆರು ವಾರಕ್ಕೆಂದು ಎರವಲು ಕೊಡಬಹುದು. ಸಂಘಗಳೂ ಅದಕ್ಕೆ ಕೈಜೋಡಿಸುತ್ತವೆ.

ಕೊನೆಯದಾಗಿ, ದುಡಿಮೆಯ ನಷ್ಟದ ವಿಷಯ. ಬಿಪಿಎಲ್ ಕುಟುಂಬದ ದುಡಿಯುವ ಸದಸ್ಯರು ಮೂಳೆ ಮುರಿದು ಆಪರೇಷನ್ ಮಾಡಿಸಿಕೊಂಡಾಗ, ಆರು ವಾರಗಳ ಮಟ್ಟಿಗಾದರೂ ನರೇಗಾ ಕೂಲಿಯ ಅರ್ಧದಷ್ಟನ್ನು ಅವರ ಬ್ಯಾಂಕ್ ಖಾತೆಗೆ ಜಮಾ ಮಾಡುವ ಒಂದು ಪ್ರಯೋಗವನ್ನು ತುಮಕೂರು ಜಿಲ್ಲೆಯಲ್ಲೇ ಆರಂಭಿಸಿ. ವಾರಕ್ಕೆ ಆರು ದಿನದಂತೆ ಒಬ್ಬರಿಗೆ 6,660 ರೂಪಾಯಿ ಆಗುತ್ತದೆ. ಆಸ್ಪತ್ರೆಯ ಪ್ಯಾಕೇಜಿನ ದಾಖಲೆ ಟ್ರಸ್ಟ್ ಬಳಿ ಇರುವುದರಿಂದ ಯಾರಿಗೆ ಕೊಡಬೇಕು ಎಂಬುದಕ್ಕೆ ಬೇರೆ ಅರ್ಜಿ, ಬೇರೆ ಪ್ರಮಾಣಪತ್ರ ಬೇಕಾಗುವುದಿಲ್ಲ. ಹಸು ಮಾರುವುದನ್ನು ತಡೆಯಲು ಕೆಲವು ಮನೆಗಳಿಗೆ ಆ ಮೊತ್ತವೂ ಸಾಕಾಗುತ್ತಿತ್ತು.

ಈ ಕೋರಿಕೆಗಳಲ್ಲಿ ಯಾವುದನ್ನು ಒಪ್ಪಲಾಗುತ್ತದೆ, ಯಾವುದನ್ನು ಯಾವ ಕಾರಣಕ್ಕೆ ಒಪ್ಪಲಾಗದು ಎಂಬುದನ್ನು ಇಲಾಖೆ ಲಿಖಿತವಾಗಿ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ. ಉತ್ತರ ಬಂದರೆ ಅದನ್ನು ಸಂಘದ ಸಾಮಾನ್ಯ ಸಭೆಯಲ್ಲಿ ಸದಸ್ಯರಿಗೆ ಓದಿ ಹೇಳುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಗ್ರಾಮ ಹಾಲು ಉತ್ಪಾದಕರ ಸಹಕಾರ ಸಂಘ,
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ.

ಪ್ರತಿ: ಕಾರ್ಯನಿರ್ವಾಹಕ ನಿರ್ದೇಶಕರು, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಬೆಂಗಳೂರು; ಜಿಲ್ಲಾಧಿಕಾರಿಗಳು, ತುಮಕೂರು.